ಸದಸ್ಯತ್ವ ರಿಯಾಯಿತಿ ಮಳಿಗೆಗಳು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿ, 20ನೆಯ ಶತಮಾನ ಮುಗಿಯುವ ಹೊತ್ತಿಗೆ ಮುಚ್ಚಿಹೋದ ಒಂದು ಬಗೆಯ ದೊಡ್ಡ ಅಂಗಡಿಗಳು. ಕಾರ್ಡು ಇದ್ದವರಿಗಷ್ಟೇ ಒಳಗೆ ಪ್ರವೇಶ. ಆ ಕಾರ್ಡು ಮೊದಮೊದಲು ಸಿಗುತ್ತಿದ್ದದ್ದು ಸರ್ಕಾರಿ ನೌಕರರಿಗೆ ಮಾತ್ರ. ಒಂದೋ ಎರಡೋ ಡಾಲರ್ ಕಟ್ಟಿದರೆ ಆಜೀವ ಸದಸ್ಯತ್ವ. ಬಟ್ಟೆಬರೆ, ಪಾದರಕ್ಷೆ, ರೇಡಿಯೊ, ಟಿ.ವಿ., ಫ್ರಿಜ್, ಒಡವೆ, ಮಂಚ ಮೇಜು, ಔಷಧಿ, ಕನ್ನಡಕ, ಕಾರಿನ ಟೈರು, ಹಲವು ಕಡೆ ದಿನಸಿಯೂ ಒಂದೇ ಸೂರಿನಡಿ ಪೇಟೆಯ ದರಕ್ಕಿಂತ ಅಗ್ಗವಾಗಿ ದೊರೆಯುತ್ತಿದ್ದವು. ಲಾಸ್ ಏಂಜಲೀಸಿನ ಫೆಡ್ಕೊ (1948-99), ಸ್ಯಾನ್ ಡಿಯೇಗೊದ ಫೆಡ್‌ಮಾರ್ಟ್ (1954-82), ಅನಾಹೈಮಿನಲ್ಲಿ ಶುರುವಾದ ಜೆಮ್ಕೊ (1959-86), ಡೆನ್ವರಿನಲ್ಲಿ ಶುರುವಾದ ಜೆಮ್ ಇವುಗಳಲ್ಲಿ ಹೆಸರಾದವು. ನಾಲ್ಕರಲ್ಲಿ ಮೂರರ ಜನ್ಮಸ್ಥಳ ದಕ್ಷಿಣ ಕ್ಯಾಲಿಫೋರ್ನಿಯ. ಆ ಮೂರರ ಮಳಿಗೆಗಳೂ ಕೊನೆಗೆ ಸೇರಿದ್ದು ಬಹುಪಾಲು ಒಂದೇ ಕೈಗೆ, ಟಾರ್ಗೆಟ್ ಎಂಬ ಸರಣಿ ಅಂಗಡಿಗೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇಂದು ಕಾರ್ಡು ತೋರಿಸಿ ಒಳಗೆ ಹೋಗುವ ಅಂಗಡಿ ಎಂದರೆ ತಟ್ಟನೆ ನೆನಪಾಗುವುದು ಕಾಸ್ಟ್ಕೊ. ಅದೂ ಇದೇ ವಂಶದ ಕುಡಿ. ಆದರೆ ಕಾಸ್ಟ್ಕೊ ಒಂದು ಸಗಟು ಉಗ್ರಾಣ. ಇಲ್ಲಿ ಹೇಳುತ್ತಿರುವುದು ಉಗ್ರಾಣಗಳಿಗಿಂತ ಹಿಂದಿನ ತಲೆಮಾರಿನ ಮಾತು. ಆ ಹಳೆಯ ಅಂಗಡಿಗಳು ನಿಜಕ್ಕೂ ಡಿಪಾರ್ಟ್‌ಮೆಂಟ್ ಸ್ಟೋರುಗಳೇ ಆಗಿದ್ದವು: ಸೀರೆ ಅಂಗಡಿಯಲ್ಲಿ ಒಂದೇ ಸೀರೆ ಕೊಳ್ಳುವಂತೆ ಅಲ್ಲಿ ಒಂದೇ ಅಂಗಿ, ಒಂದೇ ಜೊತೆ ಬೂಟು ಕೊಳ್ಳಬಹುದಿತ್ತು. ಹನ್ನೆರಡರ ಕಟ್ಟು ಹೊತ್ತು ತರಬೇಕಾಗಿರಲಿಲ್ಲ.

ಬೆಲೆ ಇಳಿಸುವುದೇ ತಪ್ಪಾಗಿದ್ದ ಕಾಲ

ಅಗ್ಗವಾಗಿ ಮಾರಲು ಕಾರ್ಡು ಏಕೆ ಬೇಕಾಯಿತು? ಬಾಗಿಲು ತೆರೆದಿಟ್ಟು ಎಲ್ಲರಿಗೂ ಮಾರಿದರೆ ಇನ್ನೂ ಹೆಚ್ಚು ವ್ಯಾಪಾರವಾಗುತ್ತಿರಲಿಲ್ಲವೆ? ಈ ಅಂಗಡಿಗಳ ಕಥೆಯೆಲ್ಲ ಈ ಪ್ರಶ್ನೆಯಲ್ಲಿದೆ. ಉತ್ತರ ಸಿಗುವುದು ಆ ಕಾಲದ ಕಾನೂನಿನಲ್ಲಿ.

ಭಾರತದಲ್ಲಿ ಪೊಟ್ಟಣದ ಮೇಲೆ ಅಚ್ಚಾಗುವ ಎಂ.ಆರ್.ಪಿ. ಎಂಬುದು ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳಿದರೆ ತಪ್ಪು, ಕಡಮೆಗೆ ಕೊಟ್ಟರೆ ಅಂಗಡಿಯವನ ಇಷ್ಟ. ಆಗಿನ ಅಮೆರಿಕದಲ್ಲಿ ಇದ್ದದ್ದು ಇದರ ತಿರುಗುಮುರುಗು. ತಯಾರಕ ಗೊತ್ತುಮಾಡುತ್ತಿದ್ದದ್ದು ಕನಿಷ್ಠ ಬೆಲೆಯನ್ನು. ಅದಕ್ಕಿಂತ ಒಂದು ಸೆಂಟ್ ಕಡಮೆಗೆ ಮಾರಿದರೂ ವ್ಯಾಪಾರಿಯ ಮೇಲೆ ದಾವೆ ಹೂಡಬಹುದಿತ್ತು. ಇವಕ್ಕೆ 'ನ್ಯಾಯ ವ್ಯಾಪಾರ'ದ ಕಾನೂನುಗಳೆಂದು ಹೆಸರು. ಯಾರ ಪಾಲಿನ ನ್ಯಾಯ ಎಂದು ಕೇಳಿದರೆ, ಕೊಳ್ಳುವವರ ಪಾಲಿನದಂತೂ ಅಲ್ಲ. ಸರಣಿ ಅಂಗಡಿಗಳ ಪೈಪೋಟಿಗೆ ಸಿಕ್ಕಿ, ಮೇಲೆ ಆರ್ಥಿಕ ಮುಗ್ಗಟ್ಟಿನ ಹೊಡೆತ ತಿಂದ ಸಣ್ಣ ವರ್ತಕರು, ಅದರಲ್ಲೂ ಔಷಧಿ ಅಂಗಡಿಯವರು, ಶಾಸನಸಭೆಗಳ ಮೇಲೆ ಒತ್ತಡ ತಂದು ಮಾಡಿಸಿಕೊಂಡ ಕಾನೂನುಗಳಿವು. ಮೊದಲು ಜಾರಿಗೆ ತಂದ ರಾಜ್ಯ ಕ್ಯಾಲಿಫೋರ್ನಿಯ, 1931ರಲ್ಲಿ. 1937ರ ಮಿಲ್ಲರ್-ಟೈಡಿಂಗ್ಸ್ ಕಾಯಿದೆ ಇದಕ್ಕೆ ಕೇಂದ್ರ ಸರ್ಕಾರದ ರಕ್ಷಣೆ ಕೊಟ್ಟಿತು. 1940ರ ದಶಕದ ಆರಂಭದ ಹೊತ್ತಿಗೆ ಟೆಕ್ಸಸ್, ಮಿಸೌರಿ, ವರ್ಮಾಂಟ್ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಇಂಥ ಕಾನೂನಿತ್ತು. ಒಪ್ಪಂದಕ್ಕೆ ಸಹಿ ಹಾಕದ ಅಂಗಡಿಯವನೂ ಆ ಬೆಲೆಗೆ ಬದ್ಧ ಎಂಬ ವಿಚಿತ್ರ ವಿಧಿಯೂ ಅದರಲ್ಲಿತ್ತು. ನ್ಯೂ ಆರ್ಲಿಯನ್ಸಿನ ವ್ಯಾಪಾರಿ ಜಾನ್ ಶ್ವೆಗ್ಮನ್ ಇದನ್ನು ಪ್ರಶ್ನಿಸಿ 1951ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಮರುವರ್ಷವೇ ಮ್ಯಾಕ್‌ಗೈರ್ ಕಾಯಿದೆಯ ಮೂಲಕ ಸಂಸತ್ತು ಆ ವಿಧಿಯನ್ನು ಮತ್ತೆ ಜೀವಂತವಾಗಿಸಿತು.

ಇದರ ಫಲವಾಗಿ ಒಂದೇ ಕಂಪನಿಯ ರೇಡಿಯೊ ಬೀದಿಯ ಈ ತುದಿಯಲ್ಲೂ ಆ ತುದಿಯಲ್ಲೂ ಒಂದೇ ಬೆಲೆ. ಪೇಟೆಯ ನಡುವಿನ ದೊಡ್ಡ ಮಳಿಗೆಗಳು ಮಾರಾಟದ ಬೆಲೆಯಲ್ಲಿ ಶೇ. 40ರ ಆಸುಪಾಸನ್ನು ತಮ್ಮ ಪಾಲೆಂದು ಇಟ್ಟುಕೊಳ್ಳುತ್ತಿದ್ದವು. ಅದರ ಅರ್ಧಕ್ಕೆ ತೃಪ್ತಿಪಡಬಲ್ಲ ವ್ಯಾಪಾರಿ ಇದ್ದರೂ ಅವನಿಗೆ ಕೈಕಟ್ಟು.

ಕಾರ್ಡು ಕೆಲಸಕ್ಕೆ ಬಂದದ್ದು ಇಲ್ಲಿ. ನಾವು ಸಾರ್ವಜನಿಕರಿಗೆ ಮಾರುತ್ತಿಲ್ಲ, ನಮ್ಮ ಸದಸ್ಯರಿಗೆ ಹಂಚುತ್ತಿದ್ದೇವೆ ಎಂಬುದು ಈ ಅಂಗಡಿಗಳ ವಾದ. ವ್ಯಾಪಾರದ ಪತ್ರಿಕೆಗಳು ಇವನ್ನು 'ಮುಚ್ಚಿದ ಬಾಗಿಲಿನ' ಅಂಗಡಿಗಳೆಂದು ಕರೆದವು. ವಾದ ಗಟ್ಟಿಯೋ ಟೊಳ್ಳೋ ಎಂಬುದಕ್ಕಿಂತ, ಅದು ಎಲ್ಲರಿಗೂ ಅನುಕೂಲವಾಗಿತ್ತು ಎಂಬುದೇ ಮುಖ್ಯ. ತಯಾರಕನಿಗೆ ಸರಕು ಖರ್ಚಾಗಬೇಕಿತ್ತು. ಇಳಿಸಿದ ಬೆಲೆ ಪತ್ರಿಕೆಯ ಜಾಹೀರಾತಿನಲ್ಲಿ ರಾರಾಜಿಸಿದರೆ ಊರಿನ ಉಳಿದ ವರ್ತಕರು ಜಗಳಕ್ಕೆ ಬರುತ್ತಿದ್ದರು. ಕಾರ್ಡಿನ ಮರೆಯಲ್ಲಿ, ಸದಸ್ಯರ ಮನೆಗೆ ಅಂಚೆಯಲ್ಲಿ ಹೋಗುವ ಪುಸ್ತಿಕೆಯಲ್ಲಿ ಇಳಿಸಿದರೆ ಕಂಡೂ ಕಾಣದಂತಿರಬಹುದಿತ್ತು. ಜಾಹೀರಾತಿನ ಖರ್ಚೂ ಉಳಿಯುತ್ತಿತ್ತು. ಈ ನಾಟಕ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ನ್ಯೂಯಾರ್ಕಿನ ಕಾರ್ವೆಟ್ ಸಾಕ್ಷಿ. 1948ರಲ್ಲಿ ಮಹಡಿಯ ಮೇಲೊಂದು ಪೆಟ್ಟಿಗೆ, ಸೂಟ್‌ಕೇಸುಗಳ ಅಂಗಡಿ ತೆರೆದ ಯೂಜೀನ್ ಫೆರ್ಕಾಫ್ ಬೀದಿಯಲ್ಲಿ ಹೋಗಿಬರುವವರ ಕೈಗೆ 'ಸದಸ್ಯತ್ವ'ದ ಕಾರ್ಡುಗಳನ್ನು ಹಂಚಿಸುತ್ತಿದ್ದ. ಕಾರ್ಡು ಹಿಡಿದವನು ಸದಸ್ಯ, ಅಷ್ಟೆ. ಕಾರ್ವೆಟ್ ಮುಂದೆ ಪೂರ್ವ ಕರಾವಳಿಯ ದೊಡ್ಡ ಸರಣಿಯಾಗಿ, ಕಾರ್ಡಿನ ಸೋಗನ್ನು ಕಳಚಿ, 1980ರಲ್ಲಿ ಮುಚ್ಚಿತು.

ಕಾನೂನಿನ ಬೇಲಿ ದಾಟಲು ಕಾರ್ಡು ಹಂಚುವ ಉಪಾಯ ಬೆಂಗಳೂರಿಗೂ ಅಪರಿಚಿತವಲ್ಲ. ವಿದೇಶಿ ಬಂಡವಾಳಕ್ಕೆ ಭಾರತದ ಚಿಲ್ಲರೆ ವ್ಯಾಪಾರ ಮುಚ್ಚಿದ್ದು, ಸಗಟು ವ್ಯಾಪಾರ ಮಾತ್ರ ತೆರೆದಿದ್ದ ಕಾಲದಲ್ಲಿ, ಜರ್ಮನಿಯ ಮೆಟ್ರೊ ಕಂಪನಿ 2003ರಲ್ಲಿ ಯಶವಂತಪುರದಲ್ಲಿ ತನ್ನ ಮಳಿಗೆ ತೆರೆಯಿತು. ಅಂಗಡಿ, ಹೋಟೆಲು, ಉದ್ದಿಮೆ ನಡೆಸುವವರಿಗೆ ಮಾತ್ರ ಕಾರ್ಡು. ಸ್ವಂತ ಅಂಗಡಿ ಇರುವ ಭಾವನನ್ನೋ ಚಿಕ್ಕಪ್ಪನನ್ನೋ ಮುಂದಿಟ್ಟುಕೊಂಡು ಒಳಹೊಕ್ಕು ಮನೆಯ ಸಾಮಾನು ತಂದವರು ಬೆಂಗಳೂರಿನಲ್ಲಿ ಕಡಮೆಯೇನಿಲ್ಲ.

ಅಂಚೆಯವರ ಅಂಗಡಿ

ಈ ಬಗೆಯ ಮಳಿಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳಿದ್ದೂ ಹೆಚ್ಚು ಪ್ರಾಮಾಣಿಕವಾಗಿ ನಡೆದದ್ದೂ ಫೆಡ್ಕೊ. 1948ರಲ್ಲಿ ಲಾಸ್ ಏಂಜಲೀಸಿನ ಅಂಚೆ ಇಲಾಖೆಯ 800 ನೌಕರರು ಸೇರಿ ಇದನ್ನು ಕಟ್ಟಿದರು. ಒಬ್ಬೊಬ್ಬರೇ ಚಿಲ್ಲರೆಯಲ್ಲಿ ಕೊಳ್ಳುವ ಬದಲು ಎಲ್ಲರ ಪರವಾಗಿ ಸಗಟು ವ್ಯಾಪಾರಿಯಿಂದ ನೇರವಾಗಿ ತಂದು ಹಂಚಿಕೊಳ್ಳುವುದು ಉದ್ದೇಶ. ಫೆಡರಲ್ ನೌಕರರ ವಿತರಣಾ ಕಂಪನಿ ಎಂಬ ಅರ್ಥ ಕೊಡುವ ಅದರ ಇಂಗ್ಲಿಷ್ ಹೆಸರೇ ಮೊಟಕಾಗಿ ಫೆಡ್ಕೊ ಆಯಿತು. ಇದು ಲಾಭಕ್ಕಾಗಿ ನಡೆದ ಸಂಸ್ಥೆಯಲ್ಲ. ಸಹಕಾರ ಸಂಘದ ಮಾದರಿಯದು. ಆಡಳಿತ ಮಂಡಲಿಯನ್ನು ಆರಿಸುವ ಹಕ್ಕು ಸದಸ್ಯರದು. ಮೊದಲು ಕೇಂದ್ರ ಸರ್ಕಾರದ ನೌಕರರಿಗಷ್ಟೇ ಇದ್ದ ಸದಸ್ಯತ್ವವನ್ನು ಬರಬರುತ್ತ ರಾಜ್ಯ ಸರ್ಕಾರದ ನೌಕರರಿಗೂ ಮುಂದೆ ಇನ್ನೂ ಹಲವು ವರ್ಗದವರಿಗೂ ವಿಸ್ತರಿಸಿದರು. ಕೊನೆಕೊನೆಗೆ ಶುಲ್ಕ 10 ಡಾಲರ್, ಅದೂ ಒಂದೇ ಸಲ. ಉಚ್ಛ್ರಾಯದಲ್ಲಿ ಹತ್ತು ಮಳಿಗೆಗಳು ಮಾತ್ರ ಇದ್ದರೂ ಸದಸ್ಯರ ಸಂಖ್ಯೆ 40 ಲಕ್ಷ ದಾಟಿತ್ತು.

ಸರ್ಕಾರಿ ನೌಕರರೇ ಏಕೆ? ಮೊದಲನೆಯದಾಗಿ, ಅವರ ಕೈಯಲ್ಲಿ ಗುರುತಿನ ಚೀಟಿ ಇತ್ತು. ಯಾರು ಒಳಗಿನವರು ಯಾರು ಹೊರಗಿನವರು ಎಂದು ತಕ್ಷಣ ತಿಳಿಯುತ್ತಿತ್ತು. ಎರಡನೆಯದು ಸಂಬಳ. ಅದು ದೊಡ್ಡದಲ್ಲ, ಆದರೆ ತಿಂಗಳು ತಪ್ಪದೆ ಬರುವಂಥದು. ಬ್ಯಾಂಕ್ ಕ್ರೆಡಿಟ್ ಕಾರ್ಡುಗಳು ಇನ್ನೂ ಬಾರದಿದ್ದ ಕಾಲದಲ್ಲಿ ಅಂಗಡಿಯವನು ನೆಚ್ಚಬೇಕಾಗಿದ್ದದ್ದು ಗಿರಾಕಿ ಬರೆದುಕೊಟ್ಟ ಚೆಕ್ಕನ್ನು. ಅಂಚೆಯವನ ಚೆಕ್ಕು ವಾಪಸು ಬರುವುದು ಅಪರೂಪ. ಬಂದರೂ ಅವನು ಊರು ಬಿಟ್ಟು ಓಡುವವನಲ್ಲ. ಮೂರನೆಯದಾಗಿ, ಯುದ್ಧದಿಂದ ಮರಳಿದ ಲಕ್ಷಾಂತರ ಜನ ಸೈನ್ಯದ ಪಿ.ಎಕ್ಸ್. ಅಂಗಡಿಗಳಲ್ಲಿ ಅಗ್ಗವಾಗಿ ಕೊಂಡು ರೂಢಿಯಾಗಿದ್ದವರು. ಅದೇ ಸೌಲಭ್ಯ ನಾಗರಿಕ ನೌಕರಿಯಲ್ಲೂ ಸಿಗುತ್ತದೆ ಎಂದರೆ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಡಗಿನಲ್ಲಿ, ಬೆಳಗಾವಿಯಲ್ಲಿ, ಸೈನಿಕರಿರುವ ಯಾವುದೇ ಮನೆಯಲ್ಲಿ 'ಮಿಲಿಟರಿ ಕ್ಯಾಂಟೀನ್' ಎಂದರೆ ಹೇಗೆ ಎಲ್ಲವೂ ಅರ್ಥವಾಗುತ್ತದೋ ಹಾಗೆ. ನಮ್ಮ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಸ್ಥಾಪನೆಯಾದದ್ದೂ ಫೆಡ್ಕೊ ಹುಟ್ಟಿದ ವರ್ಷವೇ, 1948ರಲ್ಲಿ. ವ್ಯತ್ಯಾಸವಿಷ್ಟೆ: ಕ್ಯಾಂಟೀನಿನ ಅಗ್ಗದ ಹಿಂದೆ ತೆರಿಗೆ ರಿಯಾಯಿತಿಯಿದೆ, ಸರ್ಕಾರವಿದೆ. ಫೆಡ್ಕೊದ ಅಗ್ಗದ ಹಿಂದೆ ಇದ್ದದ್ದು ಸದಸ್ಯರ ಸಂಖ್ಯಾಬಲ ಮತ್ತು ಲಾಭಕ್ಕೆ ಕೈಚಾಚದ ಆಡಳಿತ.

ಬಾಗಿಲಿನಿಂದ ಗಲ್ಲಾದವರೆಗೆ

ಊರ ಹೊರವಲಯದಲ್ಲಿ ಕಿಟಕಿಗಳಿಲ್ಲದ ಒಂದೇ ಅಂತಸ್ತಿನ ಚಪ್ಪಟೆ ಕಟ್ಟಡ, ಅದರ ಮುಂದೆ ಕಟ್ಟಡಕ್ಕಿಂತ ದೊಡ್ಡದಾದ ಕಾರು ನಿಲ್ಲಿಸುವ ಬಯಲು. ಬಾಗಿಲಲ್ಲೇ ಮೇಜು ಹಾಕಿಕೊಂಡು ಕುಳಿತ ಸಿಬ್ಬಂದಿಗೆ ಕಾರ್ಡು ತೋರಿಸಬೇಕು. ಕಾರ್ಡಿನಲ್ಲಿ ಹೆಸರು, ಸದಸ್ಯ ಸಂಖ್ಯೆ, ಸಹಿ. ಹೊಸಬರು ಅಲ್ಲೇ ಪಕ್ಕದಲ್ಲಿ ನೌಕರಿಯ ಗುರುತು ತೋರಿಸಿ ಅರ್ಜಿ ತುಂಬಬೇಕು. ಒಳಗೆ ಪೇಟೆಯ ದೊಡ್ಡ ಮಳಿಗೆಗಳ ಥಳುಕು ಯಾವುದೂ ಇಲ್ಲ: ಟ್ಯೂಬ್‌ಲೈಟಿನ ಬೆಳಕು, ಸಾದಾ ನೆಲ, ಸಾಲುಸಾಲು ಕಪಾಟು. ಬೇಕಾದ್ದನ್ನು ತಾವೇ ಎತ್ತಿ ತಳ್ಳುಗಾಡಿಗೆ ಹಾಕಿಕೊಳ್ಳಬೇಕು. ಗಲ್ಲಾದಲ್ಲಿ ಮತ್ತೆ ಕಾರ್ಡು. ಸಾಲವಿಲ್ಲ, ಮನೆಗೆ ತಲುಪಿಸುವುದಿಲ್ಲ. ಇವನ್ನೆಲ್ಲ ಬಿಟ್ಟದ್ದರಿಂದಲೇ ಬೆಲೆ ಇಳಿಯುತ್ತಿತ್ತು ಎಂಬುದು ಗಿರಾಕಿಗೂ ಗೊತ್ತಿತ್ತು. ಕಾರ್ಡಿಲ್ಲದ ನೆರೆಹೊರೆಯವರಿಗೆ ಟಿ.ವಿ. ಕೊಡಿಸುವುದು ಕಾರ್ಡಿದ್ದವರ ಒಂದು ದೊಡ್ಡಸ್ತಿಕೆಯೂ ಆಗಿತ್ತು. ನಾಲ್ಕು ಜನಕ್ಕೆ ಸಿಗದ್ದು ತನಗೆ ಸಿಗುತ್ತದೆ ಎಂಬ ಈ ಸಣ್ಣ ಹೆಮ್ಮೆಗೆ ವ್ಯಾಪಾರದಲ್ಲಿ ದೊಡ್ಡ ಬೆಲೆಯಿದೆ. ಕಾನೂನಿನ ಮರೆಯಾಗಿ ಬಂದ ಕಾರ್ಡು ಗಿರಾಕಿಯನ್ನು ಕಟ್ಟಿಹಾಕುವ ಹಗ್ಗವೂ ಆಯಿತು.

ಹೊರಗಿನವರಿಗೆ ಕಾಣದ ಇನ್ನೊಂದು ಏರ್ಪಾಡು ಒಳಗಿತ್ತು. ಈ ಮಳಿಗೆಗಳ ಎಷ್ಟೋ ವಿಭಾಗಗಳು ಮಳಿಗೆಯವರದೇ ಆಗಿರಲಿಲ್ಲ. ಜೆಮ್ ಸರಣಿಯಂತೂ ಇದನ್ನೇ ಬಂಡವಾಳ ಮಾಡಿಕೊಂಡಿತ್ತು. ಕಟ್ಟಡ, ಸದಸ್ಯರ ಪಟ್ಟಿ, ಗಲ್ಲಾ ಕಂಪನಿಯದು. ಚಪ್ಪಲಿ ವಿಭಾಗ ಒಬ್ಬ ವ್ಯಾಪಾರಿಯದು, ಒಡವೆ ಇನ್ನೊಬ್ಬನದು, ಟೈರು ಮತ್ತೊಬ್ಬನದು. ಅವರು ತಂತಮ್ಮ ಸರಕು ತಂದು, ತಮ್ಮದೇ ಆಳುಗಳನ್ನಿಟ್ಟು, ಮಾರಾಟದಲ್ಲಿ ಇಷ್ಟು ಪಾಲೆಂದು ಕಂಪನಿಗೆ ಕೊಡುತ್ತಿದ್ದರು. ಜಾತ್ರೆಯಲ್ಲಿ ದೇವಸ್ಥಾನದವರು ಅಂಗಡಿಯ ಜಾಗ ಹರಾಜು ಹಾಕಿದ ಹಾಗೆ. ಕಡಮೆ ಬಂಡವಾಳದಲ್ಲಿ ಬೇಗ ಬೆಳೆಯಲು ಇದು ಒಳ್ಳೆಯ ದಾರಿ. ಆದರೆ ಒಂದು ವಿಭಾಗದವನು ಕಳಪೆ ಮಾಲು ಮಾರಿದರೆ ಕೆಡುತ್ತಿದ್ದದ್ದು ಇಡೀ ಮಳಿಗೆಯ ಹೆಸರು. ಒಬ್ಬ ದಿವಾಳಿಯೆದ್ದರೆ ನಡುವೆ ಒಂದು ಮೂಲೆ ಖಾಲಿ.

ಜೆಮ್ ಮತ್ತು ಜೆಮ್ಕೊ

ಹೆಸರುಗಳು ಗೊಂದಲ ಹುಟ್ಟಿಸುವಷ್ಟು ಹತ್ತಿರ, ಸಂಸ್ಥೆಗಳು ಬೇರೆಬೇರೆ. ಸರ್ಕಾರಿ ನೌಕರರ ಮಾರುಕಟ್ಟೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿಂದ ಹೆಸರು ಪಡೆದ ಜೆಮ್ 1956ರಲ್ಲಿ ಡೆನ್ವರಿನಲ್ಲಿ ಶುರುವಾಗಿ ದೇಶದ ನಡುಭಾಗದ ನಗರಗಳಿಗೆ, ಹವಾಯಿಯ ಹೊನೊಲುಲುವಿಗೆ ಹರಡಿತು. ಇಂಗ್ಲೆಂಡಿಗೂ ಹೋಗಿ 1964ರಲ್ಲಿ ನಾಟಿಂಗ್‌ಹ್ಯಾಮಿನ ಪಕ್ಕದ ವೆಸ್ಟ್ ಬ್ರಿಜ್‌ಫರ್ಡಿನಲ್ಲಿ ಒಂದು ಭಾರಿ ಮಳಿಗೆ ತೆರೆಯಿತು. ಅಲ್ಲಿ ಕುದುರದೆ ಎರಡು ವರ್ಷದಲ್ಲಿ ಆಸ್ಡಾ ಕಂಪನಿಯ ಪಾಲಾಯಿತು. ಬ್ರಿಟನ್ನಿನ ಇಂದಿನ ಊರಾಚೆಯ ಸೂಪರ್‌ಸ್ಟೋರುಗಳ ಚರಿತ್ರೆ ಬರೆಯುವವರು ಶುರುಮಾಡುವುದು ಈ ಸೋತ ಅಂಗಡಿಯಿಂದಲೇ. ಅಮೆರಿಕದ ಜೆಮ್ 1966ರಲ್ಲಿ ಪಾರ್ಕ್‌ವ್ಯೂ ಎಂಬ ಔಷಧಿ ಅಂಗಡಿಗಳ ಕಂಪನಿಯೊಡನೆ ಸೇರಿ 1970ರ ದಶಕದಲ್ಲಿ ದಿವಾಳಿಯಾಯಿತು.

ಜೆಮ್ಕೊದ ಹಣೆಬರಹ ಬೇರೆ. ಹುಟ್ಟಿದ ಕೆಲವೇ ವರ್ಷದಲ್ಲಿ ಅದನ್ನು ಲಕ್ಕಿ ಸ್ಟೋರ್ಸ್ ಎಂಬ ದೊಡ್ಡ ದಿನಸಿ ಸರಣಿ ಕೊಂಡುಕೊಂಡಿತು. ಮಳಿಗೆಯ ಒಂದು ಪಾಲು ಲಕ್ಕಿಯ ದಿನಸಿ, ಇನ್ನೊಂದು ಪಾಲು ಉಳಿದೆಲ್ಲ ಸಾಮಾನು. ವಾಲ್‌ಮಾರ್ಟಿನ ಸೂಪರ್‌ಸೆಂಟರುಗಳನ್ನು ಹೊಸ ಆವಿಷ್ಕಾರವೆಂದು ಹೊಗಳುವವರು ಜೆಮ್ಕೊ ಅದನ್ನೇ ಇಪ್ಪತ್ತು ವರ್ಷ ಮೊದಲು ಮಾಡುತ್ತಿತ್ತೆಂಬುದನ್ನು ಮರೆತಿದ್ದಾರೆ. ಸದಸ್ಯತ್ವಕ್ಕೆ ಒಂದು ಡಾಲರ್, ಆಜೀವ. ಸುಮಾರು 80 ಮಳಿಗೆಗಳು, ಹೆಚ್ಚಿನವು ಕ್ಯಾಲಿಫೋರ್ನಿಯದಲ್ಲಿ. ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಇದರದೇ ಒಂದು ಕವಲು ಮೆಮ್ಕೊ ಎಂಬ ಹೆಸರಿನಲ್ಲಿ ಕೆಲವು ವರ್ಷ ನಡೆಯಿತು. ಕ್ಯಾಲಿಫೋರ್ನಿಯದಲ್ಲಿ ಆ ಕಾಲದಲ್ಲಿ ಬೆಳೆದ ಮಕ್ಕಳಿಗೆ ಶಾಲೆ ಶುರುವಾಗುವ ಮುಂಚೆ ಬಟ್ಟೆ, ಬೂಟು ಕೊಳ್ಳುವುದೆಂದರೆ ಜೆಮ್ಕೊ.

ಸೋಲ್ ಪ್ರೈಸ್ ಎಂಬ ವಕೀಲ

ಫೆಡ್ಕೊವನ್ನು ಕಟ್ಟಿದವರು ಅಂಚೆಯವರಾದರೆ ಅದರ ಕೀಲು ಎಲ್ಲಿದೆ ಎಂದು ಕಂಡುಕೊಂಡವನು ಹೊರಗಿನವನು. ಸೋಲ್ ಪ್ರೈಸ್ (1916-2009) ಸ್ಯಾನ್ ಡಿಯೇಗೊದಲ್ಲಿ ವಕೀಲ. ಅವನ ಕಕ್ಷಿದಾರರಲ್ಲಿ ಸಗಟು ಒಡವೆ ವ್ಯಾಪಾರಿಗಳಿದ್ದರು. ತಮ್ಮ ಮಾಲಿಗೆ ಲಾಸ್ ಏಂಜಲೀಸಿನ ಫೆಡ್ಕೊ ಒಳ್ಳೆಯ ಗಿರಾಕಿ ಎಂದು ಅವರಿಂದ ಅವನಿಗೆ ತಿಳಿಯಿತು. ಸ್ಯಾನ್ ಡಿಯೇಗೊ ನೌಕಾಪಡೆಯ ಊರು, ಸರ್ಕಾರಿ ಸಂಬಳದವರೇ ತುಂಬಿದ ಊರು. ಅಲ್ಲಿಂದ ಜನ ಫೆಡ್ಕೊಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಇಲ್ಲೂ ಒಂದು ಮಳಿಗೆ ತೆರೆಯಿರಿ ಎಂದು ಪ್ರೈಸ್ ಕೇಳಿದ್ದಕ್ಕೆ ಫೆಡ್ಕೊ ಒಪ್ಪಲಿಲ್ಲ. ಸರಿ, ಹೆಂಡತಿಯ ತವರಿನವರ ಒಂದು ಖಾಲಿ ಉಗ್ರಾಣದಲ್ಲಿ 1954ರಲ್ಲಿ ತಾನೇ ಶುರುಮಾಡಿದ. ಕುಟುಂಬವೊಂದಕ್ಕೆ ಸದಸ್ಯತ್ವ ಶುಲ್ಕ ಎರಡು ಡಾಲರ್. ಹೆಸರು ಫೆಡ್‌ಮಾರ್ಟ್. ಮರುವರ್ಷ ಫೀನಿಕ್ಸಿನಲ್ಲಿ, ಆಮೇಲೆ ಟೆಕ್ಸಸಿನಲ್ಲಿ.

ಪ್ರೈಸ್ ವ್ಯಾಪಾರವನ್ನು ನೋಡುತ್ತಿದ್ದದ್ದು ವಕೀಲನ ಕಣ್ಣಿನಿಂದ. ಗಿರಾಕಿ ಎಂದರೆ ಕಕ್ಷಿದಾರ. ಅವನ ಹಿತ ಕಾಯುವುದು ತನ್ನ ಕರ್ತವ್ಯ. ತಾನು ಕಡಮೆಗೆ ಕೊಂಡರೆ ಆ ಉಳಿತಾಯ ಅವನಿಗೆ ಸೇರಬೇಕು. ಕೆಲಸದವರಿಗೆ ಒಳ್ಳೆಯ ಸಂಬಳ ಕೊಡಬೇಕೆಂಬುದೂ ಅವನ ಪಟ್ಟು. ಇವೆಲ್ಲ ಭಾಷಣಕ್ಕೆ ಚೆನ್ನ, ಆಚರಣೆಗೆ ಕಷ್ಟ. ಆದರೆ ಅವನ ಇನ್ನೊಂದು ಯೋಚನೆ ಗಟ್ಟಿ ವ್ಯಾಪಾರದ್ದು: ಬುದ್ಧಿಪೂರ್ವಕವಾಗಿ ಒಂದಿಷ್ಟು ಮಾರಾಟವನ್ನು ಬಿಟ್ಟುಕೊಡುವುದು. ಹೊಲಿಗೆ ಯಂತ್ರಕ್ಕೆ, ಬಾಗಿಲ ತಿರುಗಣಿಗೆ ಹಾಕುವ ತ್ರೀ-ಇನ್-ಒನ್ ಎಣ್ಣೆಯನ್ನು ಅವನು ಉದಾಹರಣೆಯಾಗಿ ಹೇಳುತ್ತಿದ್ದ. ಉಳಿದ ಅಂಗಡಿಗಳಲ್ಲಿ ಅದರ ಸಣ್ಣ, ನಡು, ದೊಡ್ಡ ಡಬ್ಬಿಗಳು ಸಾಲಾಗಿರುತ್ತಿದ್ದವು. ಫೆಡ್‌ಮಾರ್ಟಿನಲ್ಲಿ ಎಂಟು ಔನ್ಸಿನ ದೊಡ್ಡ ಡಬ್ಬಿ ಒಂದೇ. ಸಣ್ಣದೇ ಬೇಕೆಂದವನು ಬರಿಗೈಯಲ್ಲಿ ಹೋಗುತ್ತಾನೆ, ಹೋಗಲಿ. ಮೂರು ಬಗೆ ತರಿಸುವ, ಲೆಕ್ಕ ಇಡುವ, ಜೋಡಿಸುವ ಖರ್ಚು ಉಳಿಯಿತಲ್ಲ. ಆ ಉಳಿತಾಯದಲ್ಲಿ ದೊಡ್ಡ ಡಬ್ಬಿಯ ಬೆಲೆ ಇಳಿಸಿದರೆ ಉಳಿದವರು ಬಂದೇ ಬರುತ್ತಾರೆ. ಸುಮಾರು ನಾಲ್ಕು ಸಾವಿರ ಬಗೆಯ ಸರಕಿನಲ್ಲೇ ಇಡೀ ಮಳಿಗೆ ನಡೆಸುವ ಇಂದಿನ ಕಾಸ್ಟ್ಕೊದ ಬೀಜ ಈ ಎಣ್ಣೆಯ ಡಬ್ಬಿಯಲ್ಲಿದೆ.

1954ರಲ್ಲೇ, ಹದಿನೆಂಟರ ಹರೆಯದ ಒಬ್ಬ ಕಾಲೇಜು ಹುಡುಗ ಫೆಡ್‌ಮಾರ್ಟಿನಲ್ಲಿ ಹಾಸಿಗೆಗಳನ್ನು ಲಾರಿಯಿಂದ ಇಳಿಸುವ ಕೆಲಸಕ್ಕೆ ಸೇರಿದ. ಅವನ ಹೆಸರು ಜಿಮ್ ಸಿನೆಗಲ್. ಮುಂದೆ ಜೆಫ್ರಿ ಬ್ರಾಟ್ಮನ್ ಜೊತೆಗೂಡಿ 1983ರಲ್ಲಿ ಸಿಯಾಟಲಿನಲ್ಲಿ ಕಾಸ್ಟ್ಕೊ ಸ್ಥಾಪಿಸಿದವನು ಇವನೇ. 1962ರಲ್ಲಿ ವಾಲ್‌ಮಾರ್ಟ್ ತೆರೆದ ಸ್ಯಾಮ್ ವಾಲ್ಟನ್ ತಾನು ಪ್ರೈಸ್‌ನಿಂದ ಸಾಕಷ್ಟು ಎರವಲು ತಂದೆನೆಂದೂ ತನ್ನ ಅಂಗಡಿಯ ಹೆಸರಿನ ಬಾಲವನ್ನು ಫೆಡ್‌ಮಾರ್ಟಿನಿಂದಲೇ ಪಡೆದೆನೆಂದೂ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ.

ಮರೆ ಸರಿದ ಮೇಲೆ

1962 ಈ ಅಂಗಡಿಗಳಿಗೆ ಕೆಟ್ಟ ವರ್ಷವೆಂದು ಆಗ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಆ ಒಂದೇ ವರ್ಷದಲ್ಲಿ ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಮೂರೂ ಹುಟ್ಟಿದವು. ಮೂರೂ ಅಗ್ಗದಂಗಡಿಗಳು, ಮೂರಕ್ಕೂ ಕಾರ್ಡು ಬೇಕಿಲ್ಲ. ನ್ಯಾಯ ವ್ಯಾಪಾರದ ಕಾನೂನುಗಳು ರಾಜ್ಯದಿಂದ ರಾಜ್ಯಕ್ಕೆ ಸಡಿಲವಾಗುತ್ತ ಬಂದು, 1975ರ ಕೊನೆಯಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯಿದೆಯೊಂದರಿಂದ 1976ರ ಮಾರ್ಚಿನಲ್ಲಿ ಪೂರ್ತಿ ರದ್ದಾದವು. ಎಲ್ಲರೂ ಬಾಗಿಲು ತೆರೆದಿಟ್ಟೇ ಅಗ್ಗವಾಗಿ ಮಾರಬಹುದಾದ ಮೇಲೆ ಬಾಗಿಲಲ್ಲಿ ಕಾರ್ಡು ಕೇಳುವುದಕ್ಕೆ ಏನು ಅರ್ಥ? ಅದು ಗಿರಾಕಿಗೊಂದು ಕಿರಿಕಿರಿ. ಆಜೀವ ಸದಸ್ಯತ್ವದ ದೌರ್ಬಲ್ಯವೂ ಆಗಲೇ ಹೊರಬಿತ್ತು. ಒಮ್ಮೆ ಎರಡು ಡಾಲರ್ ಕೊಟ್ಟವನಿಂದ ಮತ್ತೆ ಬರುವುದೇನೂ ಇಲ್ಲ. ನಲವತ್ತು ಲಕ್ಷ ಸದಸ್ಯರೆಂದು ಹೇಳಿಕೊಳ್ಳಬಹುದು, ಅವರಲ್ಲಿ ಊರು ಬಿಟ್ಟವರೆಷ್ಟು, ಪಕ್ಕದ ಅಂಗಡಿಗೆ ಹೋದವರೆಷ್ಟು ಎಂಬುದು ಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಫೆಡ್‌ಮಾರ್ಟ್ ಕೆಟ್ಟದ್ದು ಮಾಲೀಕತ್ವ ಬದಲಾದದ್ದರಿಂದ. 1975ರಲ್ಲಿ ಅದರ ಮೂರನೆಯ ಎರಡು ಪಾಲನ್ನು ಜರ್ಮನಿಯ ವ್ಯಾಪಾರಿ ಹ್ಯೂಗೊ ಮಾನ್‌ಗೆ ಪ್ರೈಸ್ ಮಾರಿದ. ಇಬ್ಬರಿಗೂ ಹೊಂದಿಕೆಯಾಗಲಿಲ್ಲ, ವರ್ಷ ಮುಗಿಯುವುದರೊಳಗೆ ಮಾನ್ ಸ್ಥಾಪಕನನ್ನೇ ಹೊರಗೆ ಹಾಕಿದ. ಏಳು ವರ್ಷದಲ್ಲಿ ಫೆಡ್‌ಮಾರ್ಟ್ ಮುಚ್ಚಿತು. ಅದರ 33 ಮಳಿಗೆಗಳನ್ನು ಹಿಡಿದುಕೊಂಡು ಟಾರ್ಗೆಟ್ ಕ್ಯಾಲಿಫೋರ್ನಿಯಕ್ಕೆ ಕಾಲಿಟ್ಟಿತು.

ಜೆಮ್ಕೊ ಮುಚ್ಚಿದ್ದು ವ್ಯಾಪಾರ ಸಾಲದೆ ಅಲ್ಲ. 1986ರಲ್ಲಿ ಆಷರ್ ಎಡೆಲ್ಮನ್ ಎಂಬ ಷೇರುಪೇಟೆಯ ಬೇಟೆಗಾರ ಲಕ್ಕಿ ಸ್ಟೋರ್ಸನ್ನು ವಶಪಡಿಸಿಕೊಳ್ಳಲು ಹೊರಟ. ತಲೆ ಉಳಿಸಿಕೊಳ್ಳಲು ಲಕ್ಕಿ ಕೈಯಲ್ಲಿದ್ದ ಬೆಲೆಬಾಳುವ ಸೊತ್ತನ್ನು ಮಾರಬೇಕಾಯಿತು. ಬೆಲೆಬಾಳುವ ಸೊತ್ತು ಯಾವುದು? ಇಪ್ಪತ್ತೈದು ವರ್ಷ ಹಿಂದೆ ಊರಾಚೆ ಅಗ್ಗಕ್ಕೆ ಸಿಕ್ಕಿದ್ದ ಜಾಗಗಳು. ಈಗ ಊರೇ ಅವುಗಳ ಸುತ್ತ ಬೆಳೆದಿತ್ತು. ಒಳಗಿನ ವ್ಯಾಪಾರಕ್ಕಿಂತ ನೆಲದ ಗೇಣಿಹಕ್ಕಿಗೆ ಹೆಚ್ಚು ಬೆಲೆ. ಐವತ್ತಕ್ಕೂ ಹೆಚ್ಚು ಜೆಮ್ಕೊಗಳ ಹಕ್ಕನ್ನು ಟಾರ್ಗೆಟಿನ ಮಾತೃಸಂಸ್ಥೆ ಡೇಟನ್ ಹಡ್ಸನ್ ಕೊಂಡಿತು. ಇಷ್ಟು ಮಾಡಿಯೂ ಲಕ್ಕಿ ಉಳಿಯಲಿಲ್ಲ; ಎರಡೇ ವರ್ಷಕ್ಕೆ ಅಮೆರಿಕನ್ ಸ್ಟೋರ್ಸ್ ಅದನ್ನು ನುಂಗಿತು. ಸಾವಿರಾರು ಜನರ ಕೆಲಸ ಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಇದು ಅಂಗಡಿಯ ಸೋಲಲ್ಲ, ಷೇರುಪೇಟೆಯ ಆಟ.

ಕಾರ್ಡಿಗೆ ಹೊಸ ಅರ್ಥ ಕೊಟ್ಟವನು ಮತ್ತೆ ಸೋಲ್ ಪ್ರೈಸ್. ಕೆಲಸ ಕಳೆದುಕೊಂಡಾಗ ಅವನಿಗೆ ಅರವತ್ತು ಹತ್ತಿರ. ಹಳೆಯ ಕಾನೂನು ರದ್ದಾದ ನಾಲ್ಕೇ ತಿಂಗಳಿಗೆ, 1976ರ ಜುಲೈ 12ರಂದು, ಸ್ಯಾನ್ ಡಿಯೇಗೊದ ಮೊರೆನಾ ಬುಲೆವಾರ್ಡಿನ ಒಂದು ಹಳೆಯ ವಿಮಾನದ ಕೊಟ್ಟಿಗೆಯಲ್ಲಿ ಪ್ರೈಸ್ ಕ್ಲಬ್ ತೆರೆದ. ಸಣ್ಣ ಅಂಗಡಿ, ಹೋಟೆಲು ನಡೆಸುವವರಿಗೆ ಮಾತ್ರ ಪ್ರವೇಶ. ಶುಲ್ಕ ವರ್ಷಕ್ಕೆ 25 ಡಾಲರ್. ಆಜೀವ ಎರಡು ಡಾಲರೆಲ್ಲಿ, ವರ್ಷವರ್ಷ ಇಪ್ಪತ್ತೈದೆಲ್ಲಿ! ಮೊದಲು ನಷ್ಟವೇ ಆಯಿತು. ವ್ಯಾಪಾರಿಗಳಷ್ಟೇ ಸಾಲದೆಂದು ಕಂಡಾಗ ಅವನು ಮತ್ತೆ ಹೋದದ್ದು ಸರ್ಕಾರಿ ನೌಕರರ ಬಳಿಗೇ. ನೌಕರರ ಪತ್ತಿನ ಸಂಘಗಳ ಸದಸ್ಯರು ಶುಲ್ಕವಿಲ್ಲದೆ ಬರಬಹುದು, ಬೆಲೆಯ ಮೇಲೆ ಶೇ. 5 ಹೆಚ್ಚು ಕೊಟ್ಟರಾಯಿತು ಎಂದ. ಅಂಗಡಿ ನಿಂತಿತು. ಲಾಭವನ್ನು ಸರಕಿನ ಮೇಲೆ ಇಡದೆ ಸದಸ್ಯತ್ವದ ಮೇಲೆ ಇಡುವ ಈ ಲೆಕ್ಕಾಚಾರವನ್ನು ಸಿನೆಗಲ್ ಪೂರ್ಣಕ್ಕೆ ಒಯ್ದ. 1993ರಲ್ಲಿ ಪ್ರೈಸ್ ಕ್ಲಬ್ಬೂ ಕಾಸ್ಟ್ಕೊವೂ ಒಂದಾದವು. ಈಚಿನ ವರ್ಷಗಳಲ್ಲಿ ಕಾಸ್ಟ್ಕೊಗೆ ಬರುವ ಸದಸ್ಯತ್ವ ಶುಲ್ಕ ಅದರ ನಿರ್ವಹಣಾ ಲಾಭದ ಅರ್ಧವನ್ನು ಮೀರುವಷ್ಟಿದೆ. ಮೊರೆನಾದ ಆ ಮೊದಲ ಮಳಿಗೆ ಇಂದಿಗೂ ಕಾಸ್ಟ್ಕೊ ಹೆಸರಿನಲ್ಲಿ ನಡೆಯುತ್ತಿದೆ.

ಫೆಡ್ಕೊದ ಕೊನೆ

ಹಳೆಯ ಪದ್ಧತಿಯನ್ನು ಬಿಡದೆ ಉಳಿದದ್ದು ಫೆಡ್ಕೊ ಒಂದೇ. ಲಾಭಕ್ಕಾಗಿ ನಡೆಯದ ಸಂಸ್ಥೆಯನ್ನು ಷೇರುಪೇಟೆಯ ಬೇಟೆಗಾರರು ಕೊಳ್ಳಲಾರರು. ಜೆಮ್ಕೊಗೆ ಬಂದ ಆಪತ್ತು ಅದಕ್ಕೆ ಬರಲಿಲ್ಲ. ಆದರೆ ಷೇರು ಮಾರಿ ಬಂಡವಾಳ ತರುವ ದಾರಿಯೂ ಅದಕ್ಕಿರಲಿಲ್ಲ. 1990ರ ದಶಕದಲ್ಲಿ ಟಿ.ವಿ., ಫ್ರಿಜ್‌ಗೆ ಒಂದು ಸರಣಿ, ಮನೆ ದುರಸ್ತಿಯ ಸಾಮಾನಿಗೆ ಇನ್ನೊಂದು, ದಿನಸಿಗೆ ಕಾಸ್ಟ್ಕೊ ಹೀಗೆ ಒಂದೊಂದು ವಿಭಾಗಕ್ಕೂ ಒಂದೊಂದು ದೈತ್ಯ ಎದುರಾದಾಗ ಎಲ್ಲವನ್ನೂ ಸ್ವಲ್ಪಸ್ವಲ್ಪ ಮಾರುವ ಹಳೆಯ ಮಳಿಗೆ ಸೊರಗಿತು. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಲಾ ಸಿಯೆನೆಗಾ ರಸ್ತೆಯ ಅದರ ಮಳಿಗೆ ಲೂಟಿಯಾಯಿತು. 1999ರಲ್ಲಿ ಫೆಡ್ಕೊ ದಿವಾಳಿ ಅರ್ಜಿ ಹಾಕಿ ಅಂಗಡಿ ಮುಚ್ಚಿತು. ಹತ್ತು ಮಳಿಗೆಗಳನ್ನೂ ಕೊಂಡದ್ದು, ಓದುಗರು ಇಷ್ಟರಲ್ಲಿ ಊಹಿಸಿರುವಂತೆ, ಟಾರ್ಗೆಟ್. ಆರನ್ನು ತಾನಿಟ್ಟುಕೊಂಡು ಉಳಿದವನ್ನು ಅದು ಬೇರೆಯವರಿಗೆ ಮಾರಿತು; ಕ್ಯಾಲಿಫೋರ್ನಿಯದ ಆಂಟೇರಿಯೊ ಪಟ್ಟಣದ ಫೆಡ್ಕೊ ಕಟ್ಟಡ ಅಲ್ಲಿನ ಪೊಲೀಸ್ ಇಲಾಖೆಯ ಕೇಂದ್ರ ಕಚೇರಿಯಾಯಿತು. ಫೆಡ್ಕೊ ಹೆಸರಿನ ದತ್ತಿನಿಧಿಯಿಂದ ದಕ್ಷಿಣ ಕ್ಯಾಲಿಫೋರ್ನಿಯದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಪಾಠದ ಯೋಜನೆಗಳಿಗಾಗಿ ಅನುದಾನ ಕೊಡಲಾಯಿತು.